ಅಗಿದ ಅಕ್ಕಿಯೂ ಸುಳ್ಳುಪತ್ತೆಯ ಯಂತ್ರವೂ

ನಾನು ಹುಟ್ಟಿ ಬೆಳೆದದ್ದು ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯಲ್ಲಿ. ಲಕ್ಷ್ಮಣತೀರ್ಥಕ್ಕೆ ಅಡ್ಡಲಾಗಿ ಕಟ್ಟಿದ ಕಟ್ಟೆ, ಅದರ ನೀರುಂಡ ಗದ್ದೆಗಳು, ಮೇಲಿನ ಹೊಲಗಳಲ್ಲಿ ಹೊಗೆಸೊಪ್ಪು – ಇಷ್ಟು ಹೇಳಿದರೆ ನಮ್ಮೂರಿನ ಪರಿಚಯ ಆದಂತೆಯೇ. ನಾನು ಹುಡುಗನಾಗಿದ್ದಾಗ ಒಂದು ಮಳೆಗಾಲದಲ್ಲಿ, ಬ್ಯಾರನ್ನಿನ ಮುಂದೆ ಕೂತು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದ ಆಳುಗಳ ನಡುವೆ, ಮನೆಯೊಡತಿಯ ಓಲೆಯೊಂದು ಕಳೆದುಹೋಯಿತು. ಹಿರಿಯರು ಸೇರಿದರು. ದೇವರ ಮುಂದಿಟ್ಟ ಅಕ್ಕಿಯನ್ನು ಒಬ್ಬೊಬ್ಬರಿಗೆ ಒಂದೊಂದು ಹಿಡಿ ಕೊಟ್ಟು, ಅಗಿದು ಉಗುಳಿಸಿದರು. ಯಾರ ಅಕ್ಕಿ ಒಣಗಿದ ಹಿಟ್ಟಾಗಿ ಬೀಳುವುದೋ ಅವರೇ ಕಳ್ಳರು. ಗಂಡನನ್ನು ಕಳೆದುಕೊಂಡು ಕೂಲಿಗೆ ಬಂದಿದ್ದ ಹೆಂಗಸೊಬ್ಬಳ ಬಾಯಿಂದ ಅಕ್ಕಿ ಒಣಗಿಯೇ ಬಿತ್ತು. ಅತ್ತಳು, ಆಣೆಯಿಟ್ಟಳು, ಯಾರೂ ಕಿವಿಗೊಡಲಿಲ್ಲ. ಎಂಟು ದಿನಗಳ ಮೇಲೆ ಸೊಪ್ಪಿನ ರಾಶಿಯನ್ನು ತಿರುವಿಹಾಕುವಾಗ ಓಲೆ ಸಿಕ್ಕಿತು. ಅಷ್ಟರಲ್ಲಿ ಅವಳು ಊರು ಬಿಟ್ಟಾಗಿತ್ತು.

ನಮ್ಮ ಹಿರಿಯರನ್ನು ಮೂಢರೆಂದು ತಳ್ಳಿಹಾಕುವುದು ಸುಲಭ. ಆದರೆ ಅಂಜಿದವನ ಬಾಯಿ ಒಣಗುತ್ತದೆ ಎಂಬ ಅವರ ತಿಳಿವಳಿಕೆ ಸುಳ್ಳಲ್ಲ. ಅದು ಹಳೆಯದೂ ಹೌದು. ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರದಲ್ಲಿ ದಿವ್ಯಗಳನ್ನು ವಿವರಿಸುವಾಗ, ಯಾಜ್ಞವಲ್ಕ್ಯನು ಹೇಳಿದ ತುಲಾ, ಅಗ್ನಿ, ಜಲ, ವಿಷ, ಕೋಶಗಳೆಂಬ ಐದರ ಜೊತೆಗೆ ಕಳವಿನ ಶಂಕೆಗೆ ತಂಡುಲವನ್ನೂ, ಎಂದರೆ ಅಕ್ಕಿಯ ದಿವ್ಯವನ್ನೂ ಹೇಳುತ್ತಾನೆ. ಉಗುಳಿನಲ್ಲಿ ರಕ್ತ ಕಂಡವನು, ಮೈ ನಡುಗಿದವನು ಅಶುದ್ಧ. ಮೈಯನ್ನೇ ಸಾಕ್ಷಿಗೆ ಕರೆಯುವ ಈ ನ್ಯಾಯದಲ್ಲಿ ಒಂದು ತೊಡಕಿದೆ: ಕದ್ದವನ ಅಂಜಿಕೆಗೂ ಕದ್ದೆನೆನ್ನಿಸಿಕೊಳ್ಳುವ ಅಂಜಿಕೆಗೂ ಮೈ ಒಂದೇ ಉತ್ತರ ಕೊಡುತ್ತದೆ.

ಪಾಲಿಗ್ರಾಫ್ ಎಂಬ ಯಂತ್ರಕ್ಕೂ ಇದೇ ತೊಡಕು. 1921ರಲ್ಲಿ ಅಮೆರಿಕದ ಬರ್ಕ್ಲಿ ಪೊಲೀಸ್ ಇಲಾಖೆಯ ಜಾನ್ ಲಾರ್ಸನ್ ಇದಕ್ಕೊಂದು ರೂಪ ಕೊಟ್ಟ. ಎದೆಗೆ ಸುತ್ತಿದ ಕೊಳವೆ ಉಸಿರನ್ನೂ ತೋಳಿನ ಪಟ್ಟಿ ರಕ್ತದೊತ್ತಡವನ್ನೂ ಗುರುತಿಸುತ್ತವೆ; ಬೆರಳಿನ ಬೆವರನ್ನು ಅಳೆಯುವ ಏರ್ಪಾಡು ಆಮೇಲೆ ಬಂತು. ಯಂತ್ರ ಅಳೆಯುವುದು ಇಷ್ಟನ್ನೇ. ಸುಳ್ಳು ಎಂಬ ಮಾತನ್ನು ಅದಕ್ಕೆ ಸೇರಿಸುವವನು ಪಕ್ಕದಲ್ಲಿ ಕೂತ ಪರೀಕ್ಷಕ.

ಆ ದೇಶದಲ್ಲಿಯೇ ಇದರ ಮೇಲೆ ದೊಡ್ಡ ಜಗಳ ನಡೆಯಿತು. ರಹಸ್ಯ ಕಾಗದಗಳನ್ನು ನೋಡುವ ಸರ್ಕಾರಿ ನೌಕರರೆಲ್ಲ ಯಂತ್ರದ ಮುಂದೆ ಕೂರಬೇಕಾಗಬಹುದೆಂದು 1985ರಲ್ಲಿ ಅಧ್ಯಕ್ಷ ರೇಗನ್ನರ ಆದೇಶ ಹೊರಟಾಗ, ವಿದೇಶಾಂಗ ಮಂತ್ರಿ ಜಾರ್ಜ್ ಶುಲ್ಟ್ಸ್, ತನ್ನನ್ನು ನಂಬದ ಸರ್ಕಾರದಲ್ಲಿ ತಾನಿರುವುದಿಲ್ಲವೆಂದು ಬಹಿರಂಗವಾಗಿಯೇ ಹೇಳಿದರು. ಆದೇಶ ಸಡಿಲವಾಯಿತು. ಮಂತ್ರಿ ಹೀಗೆನ್ನಬಹುದು, ಗುಮಾಸ್ತ ಎಂದರೆ? 1988ರಲ್ಲಿ ಖಾಸಗಿ ಮಾಲೀಕರು ನೌಕರರ ಮೇಲೆ ಈ ಪರೀಕ್ಷೆ ನಡೆಸುವುದನ್ನು ಬಹುಮಟ್ಟಿಗೆ ತಡೆಯುವ ಕಾಯಿದೆ ಬಂತು. ಸರ್ಕಾರ ಮಾತ್ರ ತನ್ನನ್ನು ಅದರ ಹೊರಗಿರಿಸಿಕೊಂಡಿತು!

ಅಣ್ವಸ್ತ್ರ ಪ್ರಯೋಗಾಲಯಗಳ ವಿಜ್ಞಾನಿಗಳಿಗೂ ಪರೀಕ್ಷೆ ಎಂದಾಗ ವಿಷಯ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪರಿಷತ್ತಿಗೆ ಹೋಯಿತು. 2002ರ ಅದರ ವರದಿಯಲ್ಲಿ ಒಂದು ಲೆಕ್ಕವಿದೆ. 10,000 ನೌಕರರಲ್ಲಿ 10 ಮಂದಿ ಗೂಢಚಾರರೆಂದು ಭಾವಿಸೋಣ. ಯಂತ್ರಕ್ಕೆ ಉದಾರವಾಗಿಯೇ ಅಂಕ ಕೊಟ್ಟರೂ, ಅವರಲ್ಲಿ 8 ಮಂದಿಯನ್ನು ಹಿಡಿಯಬೇಕಾದರೆ ಸುಮಾರು 1,600 ನಿರಪರಾಧಿಗಳೂ ತಪ್ಪಿತಸ್ಥರ ಸಾಲಿಗೆ ಬರುತ್ತಾರೆ. ಆ ಅನ್ಯಾಯ ಬೇಡವೆಂದು ಬಲೆಯ ಕಣ್ಣನ್ನು ಹಿಗ್ಗಿಸಿದರೆ, ಸಿಕ್ಕುವ ನಿರಪರಾಧಿಗಳು 40ಕ್ಕೆ ಇಳಿಯುತ್ತಾರೆ. ಆಗ 8 ಗೂಢಚಾರರು ನುಸುಳಿಹೋಗುತ್ತಾರೆ. ನುಸುಳಿದವರ ಉದಾಹರಣೆಗೆ ಊಹೆ ಬೇಕಿಲ್ಲ. ಸೋವಿಯತ್ ಒಕ್ಕೂಟಕ್ಕೆ ಗುಟ್ಟು ಮಾರುತ್ತಿದ್ದ ಸಿಐಎ ಅಧಿಕಾರಿ ಆಲ್ಡ್ರಿಚ್ ಏಮ್ಸ್ 1986ರಲ್ಲೂ 1991ರಲ್ಲೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದ. ಸಿಕ್ಕಿಬಿದ್ದದ್ದು 1994ರಲ್ಲಿ. ವರದಿ ಬಂದ ಮೇಲೂ ಇಂಧನ ಇಲಾಖೆ ಮೊದಲು ಹಟ ಬಿಡಲಿಲ್ಲ. 2003ರಲ್ಲಿ, ವಿರೋಧ ಬಲವಾದ ಮೇಲೆ, 20,000ಕ್ಕೂ ಹೆಚ್ಚು ಮಂದಿಗೆ ಅನ್ವಯಿಸಬಹುದಾಗಿದ್ದ ಪರೀಕ್ಷೆಯನ್ನು ಸುಮಾರು 4,500 ಮಂದಿಗೆ ಇಳಿಸುವುದಾಗಿ ಹೇಳಿತು.

ನಮ್ಮಲ್ಲಿ ಈ ಪ್ರಶ್ನೆ ನೌಕರರಿಗಿಂತ ಆರೋಪಿಗಳನ್ನು ಕುರಿತು ಎದ್ದಿತು. ಅದರ ತೀರ್ಪಿಗೆ ನಮ್ಮ ರಾಜ್ಯದ ಹೆಸರೇ ಅಂಟಿದೆ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಮೊಕದ್ದಮೆಯಲ್ಲಿ 2004ರಲ್ಲಿ ನಮ್ಮ ಉಚ್ಚ ನ್ಯಾಯಾಲಯ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತ್ತು. ಮೇಲ್ಮನವಿ, ಬೇರೆ ರಾಜ್ಯಗಳ ಇಂಥವೇ ಮೇಲ್ಮನವಿಗಳೊಡನೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 2010ರ ಮೇ 5ರಂದು ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರಿದ್ದ ಪೀಠ, ಪಾಲಿಗ್ರಾಫ್, ಮಂಪರು ಪರೀಕ್ಷೆ, ಮೆದುಳಿನ ತರಂಗಗಳ ಪರೀಕ್ಷೆ ಈ ಮೂರನ್ನೂ ಯಾರ ಮೇಲೂ ಬಲವಂತವಾಗಿ ನಡೆಸಕೂಡದೆಂದು ಹೇಳಿತು. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಆರೋಪಿಯನ್ನು ಬಲವಂತಪಡಿಸಬಾರದೆಂಬ ಸಂವಿಧಾನದ 20(3)ನೆಯ ವಿಧಿ ಇದಕ್ಕೆ ಒಂದು ಆಧಾರ. ಒಪ್ಪಿಗೆಯಿಂದ ನಡೆದರೂ ಪರೀಕ್ಷೆಯ ಫಲಿತಾಂಶವನ್ನೇ ಸಾಕ್ಷ್ಯವೆಂದು ಹಿಡಿಯುವಂತಿಲ್ಲ. ಮಾನವ ಹಕ್ಕುಗಳ ಆಯೋಗ 2000ದಲ್ಲಿ ಪಾಲಿಗ್ರಾಫಿಗೆ ಹಾಕಿಕೊಟ್ಟಿದ್ದ ಕಟ್ಟಳೆಗಳನ್ನು ಪಾಲಿಸಬೇಕೆಂದೂ ಪೀಠ ವಿಧಿಸಿತು: ವಕೀಲರ ನೆರವಿರಬೇಕು, ಒಪ್ಪಿಗೆ ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗಬೇಕು.

ಈ ಒಪ್ಪಿಗೆ ಎಂಬ ಮಾತಿನ ಬಳಿ ನಾನು ನಿಲ್ಲುತ್ತೇನೆ. ಆರೋಪಿ ಬೇಡವೆಂದರೆ ಅವನ ಬೆನ್ನಿಗೆ ಸಂವಿಧಾನದ ವಿಧಿಯಿದೆ. ನೌಕರ ಬೇಡವೆಂದರೆ, ಮೇಲಧಿಕಾರಿಯ ಮನಸ್ಸಿನಲ್ಲಿ ಆ ಬೇಡವೇ ಒಂದು ಫಲಿತಾಂಶವಾಗಿ ಉಳಿಯುವುದಿಲ್ಲವೆ? ಅಂದು ನಮ್ಮೂರಿನಲ್ಲಿ ಆ ಹೆಂಗಸಿನ ಕೈಯನ್ನು ಯಾರೂ ಹಿಡಿದೆಳೆಯಲಿಲ್ಲ. ಅಕ್ಕಿಯ ತಟ್ಟೆ ಹತ್ತಿರ ಬಂದಾಗ ಅವಳಾಗಿಯೇ ಬೊಗಸೆಯೊಡ್ಡಿದ್ದಳು. ಆಚೀಚೆ ಕೂತವರೆಲ್ಲ ಅವಳನ್ನೇ ನೋಡುತ್ತಿದ್ದರು.