ಪೀಠ ಬಿಟ್ಟು ಬಂದ ನ್ಯಾಯಮೂರ್ತಿ



ಬೆಸೆಂಟ್ ನಗರದಿಂದ ಮರೀನಾ ಕಡೆ ಹೋಗುವಾಗ ಗಡಿಯಾರದ ಗುಮ್ಮಟವಿರುವ ಪ್ರೆಸಿಡೆನ್ಸಿ ಕಾಲೇಜನ್ನು ನೀವು ನೋಡಿರುತ್ತೀರಿ. ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ 1909ರಲ್ಲಿ ಹುಟ್ಟಿದ ಕೆ.ಎಸ್. ಹೆಗ್ಡೆಯವರು ಓದಿದ್ದು ಇಲ್ಲಿ. ಕಾನೂನು ಕಲಿತದ್ದೂ ಇದೇ ಊರಿನ ಲಾ ಕಾಲೇಜಿನಲ್ಲಿ. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತಲ್ಲ!

ಊರಿಗೆ ಮರಳಿ ವಕೀಲರಾದರು. 1952ರಲ್ಲಿ ರಾಜ್ಯಸಭೆ ಸೇರಿದರು. 1957ರಲ್ಲಿ ಆ ಸ್ಥಾನ ಬಿಟ್ಟು ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾದರು. 1966ರಲ್ಲಿ ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಾಧೀಶರಾಗಿ, 1967ರಲ್ಲಿ ಸುಪ್ರೀಂ ಕೋರ್ಟಿಗೆ ಬಂದರು.

ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರ ಮೊಕದ್ದಮೆ ನಿಮಗೆ ಗೊತ್ತಿರಬಹುದು. ಸಂವಿಧಾನವನ್ನು ಸಂಸತ್ತು ತಿದ್ದಬಹುದು, ಆದರೆ ಅದರ ಮೂಲ ರಚನೆಯನ್ನು ಕೆಡಿಸುವಂತಿಲ್ಲ ಎಂದು 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳಲ್ಲಿ 7 ಮಂದಿ ತೀರ್ಪಿತ್ತರು. ಆ ಏಳರಲ್ಲಿ ಹೆಗ್ಡೆಯವರೂ ಒಬ್ಬರು. ಮರುದಿನವೇ ಸರ್ಕಾರ ಶೆಲಟ್, ಹೆಗ್ಡೆ, ಗ್ರೋವರ್ ಮೂವರ ಹಿರಿತನವನ್ನು ಬದಿಗೊತ್ತಿ, ಅವರಿಗಿಂತ ಕಿರಿಯರಾದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ಆರಿಸಿತು. ಮೂವರೂ ರಾಜೀನಾಮೆ ಕೊಟ್ಟು ಹೊರನಡೆದರು.

ಅಲ್ಲಿಗೆ ಅವರು ಸುಮ್ಮನೆ ಕೂರಲಿಲ್ಲ. 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದರು. 1979ರಲ್ಲಿ ನಿಟ್ಟೆ ಎಜುಕೇಶನ್ ಟ್ರಸ್ಟ್ ಕಟ್ಟಿದರು. ಹಳ್ಳಿಯೊಂದರಲ್ಲಿ ಶುರುವಾದ ಆ ಸಂಸ್ಥೆ ಮುಂದೆ ವಿಶ್ವವಿದ್ಯಾಲಯವಾಗಿ ಬೆಳೆಯಿತು. ದೇರಳಕಟ್ಟೆಯ ವೈದ್ಯಕೀಯ ಕಾಲೇಜಿಗೆ ಅವರದೇ ಹೆಸರಿದೆ. 1990ರಲ್ಲಿ ಅವರು ತೀರಿಕೊಂಡರು. 1999ರಲ್ಲಿ ಮಗ ಸಂತೋಷ್ ಹೆಗ್ಡೆಯವರು ಅದೇ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು.

ಹುದ್ದೆ ಬಿಟ್ಟರೂ ಕೆಲಸ ಬಿಡದವರು ಅವರು. ಮುಂದಿನ ಸಲ ಮರೀನಾಕ್ಕೆ ಹೋದಾಗ ಮಕ್ಕಳಿಗೆ ಆ ಕಟ್ಟಡ ತೋರಿಸಿ, "ನಮ್ಮ ಕಾರ್ಕಳದವರೊಬ್ಬರು ಇಲ್ಲಿ ಓದಿದ್ದರು" ಅನ್ನಿ.