ಮಾಲಿಯ ಹೆಸರಿನ ಉಪನ್ಯಾಸ

ಸ್ಮಾರಕ ಉಪನ್ಯಾಸ ಎಂದೊಡನೆ ದೀಪ ಬೆಳಗುವುದು, ಹಾರ-ತುರಾಯಿ, ವಂದನಾರ್ಪಣೆಗಳ ಶಿಷ್ಟಾಚಾರವೇ ಕಣ್ಣಮುಂದೆ ಬರುತ್ತದೆ. ಆಸ್ಟ್ರೇಲಿಯಾದ ಟೌನ್ಸ್‌ವಿಲ್ ನಗರದ ಜೇಮ್ಸ್ ಕುಕ್ ವಿಶ್ವವಿದ್ಯಾಲಯ 2004ರಲ್ಲಿ ಆರಂಭಿಸಿದ ವಾರ್ಷಿಕ ಉಪನ್ಯಾಸಮಾಲೆಯ ಹಿನ್ನೆಲೆ ಮಾತ್ರ ಬೇರೆಯದೇ. ಅದು ಎಡ್ಡಿ ಕೊಯಿಕಿ ಮಾಬೊ ಅವರ ಹೆಸರಿನಲ್ಲಿದೆ. ಮಾಬೊ ಅಲ್ಲಿ ಪ್ರಾಧ್ಯಾಪಕರೂ ಆಗಿರಲಿಲ್ಲ, ದತ್ತಿ ನೀಡಿದ ದಾನಿಯೂ ಆಗಿರಲಿಲ್ಲ. ಅದೇ ಆವರಣದ ತೋಟದಲ್ಲಿ ಮಾಲಿಯಾಗಿ ದುಡಿದವರು.

ಟಾರೆಸ್ ಜಲಸಂಧಿಯ ಮೆರ್ ದ್ವೀಪ ಅವರ ಹುಟ್ಟೂರು. ತಲೆಮಾರುಗಳಿಂದ ಬಂದ ಅಲ್ಲಿನ ನೆಲ ತಮ್ಮ ಕುಟುಂಬದ್ದೆಂದೇ ಅವರು ನಂಬಿದ್ದರು. ಕಾನೂನಿನ ಪ್ರಕಾರ ಅದು ಸರ್ಕಾರದ ಸ್ವತ್ತು ಎಂಬ ಸಂಗತಿ ಅವರಿಗೆ ತಿಳಿದದ್ದು ಇತಿಹಾಸಕಾರರಾದ ಹೆನ್ರಿ ರೆನಾಲ್ಡ್ಸ್ ಮತ್ತು ನೋಯೆಲ್ ಲೂಸ್ ಅವರೊಡನೆ ಮಾತನಾಡುವಾಗ. 1981ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ನಡೆದ ಭೂಮಿ ಹಕ್ಕುಗಳ ಸಮ್ಮೇಳನದಲ್ಲಿ ಮಾಬೊ ಮೆರ್ ಜನರ ಭೂ ಒಡೆತನದ ಪದ್ಧತಿಯನ್ನು ವಿವರಿಸಿದರು. ನ್ಯಾಯಾಲಯದ ಮೆಟ್ಟಿಲೇರುವ ಆಲೋಚನೆ ಗಟ್ಟಿಯಾದದ್ದು ಅಲ್ಲಿಯೇ. ಮರುವರ್ಷ ಐವರು ದ್ವೀಪವಾಸಿಗಳು ದಾವೆ ಹೂಡಿದರು.

ಹಾದಿ ಸುಗಮವಾಗಿರಲಿಲ್ಲ. ದ್ವೀಪವಾಸಿಗಳಿಗೆ ಯಾವ ಹಕ್ಕಿದ್ದರೂ ಅದು ರದ್ದು ಎಂದು ಸಾರುವ ಕಾಯ್ದೆಯನ್ನು ಕ್ವೀನ್ಸ್‌ಲ್ಯಾಂಡ್ ಸರ್ಕಾರ 1985ರಲ್ಲಿ ತಂದಿತು. 1975ರ ಜನಾಂಗೀಯ ತಾರತಮ್ಯ ಕಾಯ್ದೆಗೆ ಅದು ವಿರುದ್ಧವೆಂದು ಅಲ್ಲಿನ ಸರ್ವೋಚ್ಚ ನ್ಯಾಯಪೀಠವಾದ ಹೈಕೋರ್ಟ್ 1988ರಲ್ಲಿ ಹೇಳಿತು. ಅಂತಿಮ ತೀರ್ಪು ಬಂದದ್ದು 1992ರ ಜೂನ್ 3ರಂದು. ಬ್ರಿಟಿಷರು ಬಂದಾಗ ಆಸ್ಟ್ರೇಲಿಯಾ ಯಾರಿಗೂ ಸೇರದ ನೆಲವಾಗಿತ್ತೆಂಬ ವಾದವನ್ನು ಏಳು ನ್ಯಾಯಮೂರ್ತಿಗಳಲ್ಲಿ ಆರು ಮಂದಿ ತಿರಸ್ಕರಿಸಿದರು. ಅದನ್ನು ಕೇಳಲು ಮಾಬೊ ಬದುಕಿರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು.

ತೀರ್ಪಿನ ಬೆನ್ನಲ್ಲೇ 1993ರಲ್ಲಿ ಮೂಲನಿವಾಸಿಗಳ ಭೂ ಹಕ್ಕಿನ ಕಾಯ್ದೆ ಅಂಗೀಕಾರವಾಯಿತು. ಮುಖ್ಯ ಭೂಭಾಗದ ಅಬಾರಿಜಿನಲ್ ಸಮುದಾಯಗಳಿಗೂ ಬಾಗಿಲು ತೆರೆಯಿತು. ಆದರೆ ಬಾಗಿಲು ಕಿರಿದು. ಸರ್ಕಾರ ಈಗಾಗಲೇ ಖಾಸಗಿಯವರಿಗೆ ಪೂರ್ಣ ಒಡೆತನ ಕೊಟ್ಟ ಜಮೀನಿನಲ್ಲಿ ಈ ಹಕ್ಕು ಉಳಿಯುವುದಿಲ್ಲ. ಪರಂಪರೆ ಕಡಿಯದೆ ಮುಂದುವರಿದಿದೆಯೆಂದು ಹಕ್ಕು ಕೇಳುವವರೇ ರುಜುವಾತುಪಡಿಸಬೇಕು. ಯೋರ್ಟಾ ಯೋರ್ಟಾ ಜನರು 2002ರಲ್ಲಿ ಸೋತದ್ದು ಈ ಕಾರಣದಿಂದಲೇ. ಒಕ್ಕಲೆಬ್ಬಿಸಿದವರು ಪರಂಪರೆಯನ್ನು ಕಡಿದರು. ಕಡಿದುಹೋದದ್ದರ ದಂಡ ಒಕ್ಕಲೆದ್ದವರ ತಲೆಗೆ ಬಿತ್ತು. ಇದೆಂಥ ನ್ಯಾಯ?

ಈ ಪ್ರಶ್ನೆ ಇನ್ನೂ ಜೀವಂತವಾಗಿದೆ. ಮೂಲನಿವಾಸಿಗಳ ಅಭಿಪ್ರಾಯವನ್ನು ಸಂಸತ್ತಿಗೆ ತಲುಪಿಸುವ ಸಲಹಾ ಮಂಡಳಿಗೆ ಸಂವಿಧಾನದಲ್ಲಿ ಸ್ಥಾನ ಕೊಡುವ ಪ್ರಸ್ತಾವವನ್ನು 2023ರ ಅಕ್ಟೋಬರ್ 14ರ ಜನಮತಗಣನೆಯಲ್ಲಿ ಸುಮಾರು ಶೇ 60ರಷ್ಟು ಮತದಾರರು ತಳ್ಳಿಹಾಕಿದರು. ನ್ಯಾಯಪೀಠ ಒಪ್ಪಿದ ಸತ್ಯವನ್ನು ಸಮಾಜವೂ ಅಷ್ಟೇ ಬೇಗ ಒಪ್ಪಬೇಕೆಂಬ ನಿಯಮವೇನೂ ಇಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ವಾರ್ಷಿಕ ಉಪನ್ಯಾಸದ ಪ್ರಸ್ತುತತೆ ಇರುವುದು ಇಲ್ಲಿಯೇ. ಕಾಯ್ದೆಯನ್ನು ಸಂಸತ್ತು ಮಾಡಬಹುದು, ವ್ಯಾಖ್ಯಾನವನ್ನು ನ್ಯಾಯಾಲಯ ಕೊಡಬಹುದು; ಅವುಗಳ ಕೊರತೆಯನ್ನು ವರ್ಷ ವರ್ಷವೂ ಬಹಿರಂಗವಾಗಿ ಎತ್ತಿ ತೋರುವ ವೇದಿಕೆಯೊಂದು ಬೇಕೇ ಬೇಕು. ಅಂಥ ಮಾತು ವ್ಯರ್ಥವೆನ್ನುವವರು 1981ರ ಸಭೆಯನ್ನು ನೆನೆಯಬೇಕು. ಅಂದು ಮಾಲಿಯೊಬ್ಬರು ಆಡಿದ ಮಾತು ನ್ಯಾಯಾಲಯ ತಲುಪಿ ತೀರ್ಪಾಗಲು ಹನ್ನೊಂದು ವರ್ಷ ಹಿಡಿಯಿತು.