ಡೇರೆ, ಕ್ಯಾಮೆರಾ, ಬೀದರ್ ರಸ್ತೆ

ಶ್ರೀರಂಗಪಟ್ಟಣದಲ್ಲಿ ಮೈಸೂರು ರಸ್ತೆಯ ಗದ್ದಲ ಬಿಟ್ಟು ಪಾಂಡವಪುರದ ಕಡೆಗೆ ತಿರುಗಿಕೊಂಡರೆ ಸಿಗುವ ದಾರಿಗೆ ಹಳಬರು ಬೀದರ್–ಶ್ರೀರಂಗಪಟ್ಟಣ ರಸ್ತೆ ಎನ್ನುತ್ತಾರೆ. ಸರ್ಕಾರದ ಕಾಗದದಲ್ಲಿ ಅದೀಗ ರಾಷ್ಟ್ರೀಯ ಹೆದ್ದಾರಿ 150ಎ, ಜೇವರ್ಗಿಯಿಂದ ಚಾಮರಾಜನಗರದವರೆಗೆ. ಬೇಲೂರು–ಹಳೇಬೀಡಿಗೆ ಹೋಗುವ ಪ್ರವಾಸಿ ಬಸ್ಸುಗಳು ಇದನ್ನು ಆದಷ್ಟು ಬೇಗ ದಾಟಿಬಿಡುತ್ತವೆ. ಪಾಂಡವಪುರ, ಜಕ್ಕನಹಳ್ಳಿ, ಹೊಣಕೆರೆ ಸೀಮೆ, ನಾಗಮಂಗಲ, ಬೆಳ್ಳೂರು ಕ್ರಾಸ್ ಎಲ್ಲ ಸೇರಿ ಎಪ್ಪತ್ತು ಕಿಲೋಮೀಟರಿನೊಳಗೆ ಮುಗಿಯುವ ಹಾದಿ ಇದು. ಕಾರಿನಲ್ಲಿ ಕೂತರೆ ಒಂದೂವರೆ ಗಂಟೆ ಸಾಕು. ಆದರೆ ನೋಡುತ್ತ ಹೋಗುವುದಾದರೆ ಎರಡು ರಾತ್ರಿಯಾದರೂ ಬೇಕು, ಆ ರಾತ್ರಿಗಳನ್ನು ಡೇರೆಯಲ್ಲಿ ಕಳೆಯಬೇಕು.

ಡೇರೆ, ಕ್ಯಾಮೆರಾ ಹೊತ್ತು ಹಳೆಯ ಹೆದ್ದಾರಿ ಹಿಡಿಯುವುದನ್ನು ಜಗತ್ತಿಗೆ ರೂಢಿ ಮಾಡಿಸಿದವರು ಅಮೆರಿಕನ್ನರು. 1926ರಲ್ಲಿ ಹುಟ್ಟಿದ ಅವರ ರೂಟ್ 66 ಷಿಕಾಗೊದಿಂದ ಕ್ಯಾಲಿಫೋರ್ನಿಯಾದವರೆಗೆ ಸುಮಾರು 3,900 ಕಿ.ಮೀ. ಉದ್ದವಿತ್ತು. 1985ರಲ್ಲಿ ಅದನ್ನು ಹೆದ್ದಾರಿಗಳ ಪಟ್ಟಿಯಿಂದಲೇ ತೆಗೆದುಹಾಕಿದರು, ಜನ ಮಾತ್ರ ಬಿಡಲಿಲ್ಲ. ಇವತ್ತು ಮೋಜಿಗಾಗಿ ಹೋಗುವ ಆ ರಸ್ತೆಯ ಬದಿಯಲ್ಲಿ 1930ರ ದಶಕದಲ್ಲಿ ಡೇರೆ ಹಾಕಿಕೊಂಡಿದ್ದವರು ದೂಳು ಬಿರುಗಾಳಿಗೆ ಹೊಲ ಕಳೆದುಕೊಂಡು ಪಶ್ಚಿಮಕ್ಕೆ ವಲಸೆ ಹೊರಟ ರೈತರು. ಅಂಥ ವಲಸಿಗರ ಬಿಡಾರಗಳನ್ನು ಡೊರೊಥಿಯಾ ಲ್ಯಾಂಗ್‌ರಂಥ ಛಾಯಾಗ್ರಾಹಕರು ಸರ್ಕಾರದ ಕೆಲಸಕ್ಕಾಗಿ ಚಿತ್ರಿಸಿದರು. ಹವ್ಯಾಸಿಗಳ ಸರದಿ ಆಮೇಲೆ ಬಂತು.

ನಮ್ಮ ರಸ್ತೆಯ ಕತೆಯೂ ಹೀಗೆಯೇ, ಇಲ್ಲಿಯೂ ಬಿಡಾರ ಹೂಡಿದವರು ಮೋಜಿಗೆ ಬಂದವರಲ್ಲ. ಪಾಂಡವಪುರ ಪಟ್ಟಣಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಅಂಟಿದ್ದು ಹೈದರ್, ಟಿಪ್ಪು ಕಾಲದಲ್ಲಿ ಅವರ ಚಾಕರಿಯಲ್ಲಿದ್ದ ಫ್ರೆಂಚ್ ಪಡೆ ಅಲ್ಲಿ ಪಾಳೆಯ ಹಾಕಿದ್ದರಿಂದ. 1771ರಲ್ಲಿ ಮೇಲುಕೋಟೆಯಲ್ಲಿ ಬೀಡುಬಿಟ್ಟಿದ್ದ ಹೈದರಾಲಿ ರಾತ್ರೋರಾತ್ರಿ ಶ್ರೀರಂಗಪಟ್ಟಣಕ್ಕೆ ಮರಳಲು ಹೊರಟು, ಚಿನಕುರಳಿ ಬಳಿ ಮರಾಠರ ತ್ರಿಂಬಕರಾಯನ ಕೈಗೆ ಸಿಕ್ಕಿ ಸೋತ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರ ಕಳಿಸಿದ ಫ್ರಾನ್ಸಿಸ್ ಬುಕಾನನ್ ತೊಣ್ಣೂರು, ಮೇಲುಕೋಟೆ ಸೀಮೆಯನ್ನು ಸುತ್ತಿ ಬೆಳೆ, ಕೆರೆ, ಕಸುಬು, ಜಾತಿ ಎಲ್ಲವನ್ನೂ ಬರೆದುಕೊಂಡ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಮೂರು ಸಂಪುಟಗಳನ್ನು ಓದಿದರೆ, ಊರಿಂದೂರಿಗೆ ಮೊಕ್ಕಾಂ ಮಾಡುತ್ತ ಹೋದವನ ಕಣ್ಣಿಗೆ ಎಷ್ಟು ಬೀಳುತ್ತದೆ ಎಂಬುದು ತಿಳಿಯುತ್ತದೆ. ಅವನ ಬಳಿ ಕ್ಯಾಮೆರಾ ಇರಲಿಲ್ಲ, ಅಷ್ಟೇ.

ಹೊರಡಬೇಕಾದ ಜಾಗ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ. 1804ರಲ್ಲಿ, ಪೂರ್ಣಯ್ಯನವರು ದಿವಾನರಾಗಿದ್ದಾಗ ಕಾವೇರಿಗೆ ಕಟ್ಟಿದ ಕಲ್ಲುಕಂಬಗಳ ಸೇತುವೆ ಅದು. ಸ್ವಲ್ಪ ಕೆಳಗೆ, ಕರಿಘಟ್ಟದ ಬುಡದಲ್ಲಿ, ನಾಗಮಂಗಲದ ಕಡೆಯಿಂದ ಹರಿದು ಬರುವ ಲೋಕಪಾವನಿ ಕಾವೇರಿಯನ್ನು ಸೇರುತ್ತದೆ. ದರಿಯಾ ದೌಲತ್ ಅರಮನೆಯ ಗೋಡೆಚಿತ್ರಗಳನ್ನು ಕಣ್ಣಲ್ಲೇ ತುಂಬಿಕೊಳ್ಳಿ, ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲ.

ಪಾಂಡವಪುರದವರೆಗೆ ವಿಶ್ವೇಶ್ವರಯ್ಯ ನಾಲೆಯ ಸೀಮೆ, ಎರಡೂ ಕಡೆ ಗದ್ದೆ, ಕಬ್ಬು. ಇಲ್ಲಿ ಕ್ಯಾಮೆರಾಗೆ ಕೆಲಸ ಶುರುವಾಗುವುದು ಕತ್ತಲಾದ ಮೇಲೆ, ಆಲೆಮನೆಗಳಲ್ಲಿ. ಕೊಪ್ಪರಿಗೆಯ ಕೆಳಗೆ ಒಣಗಿದ ರಚ್ಚು ಧಗಧಗ ಉರಿಯುತ್ತಿರುತ್ತದೆ, ಮೇಲೆ ಕುದಿಯುವ ಕಬ್ಬಿನ ಹಾಲಿನ ಹಬೆ, ನಡುವೆ ಉದ್ದ ಹಿಡಿಕೆಯ ಜಾಲರಿಯಲ್ಲಿ ಮಡ್ಡಿ ತೆಗೆಯುವವನ ನೆರಳು. ಒಲೆಯ ಬೆಳಕೊಂದರಲ್ಲೇ ಚಿತ್ರ ತೆಗೆಯಬೇಕು. ಫ್ಲಾಷ್ ಹಾಕಿದಿರೋ ಹಬೆ ಬಿಳಿ ಗೋಡೆಯಾಗಿ ನಿಲ್ಲುತ್ತದೆ. ಐಎಸ್‌ಒ 1600 ದಾಟಿಸಿ, ವೈಟ್ ಬ್ಯಾಲೆನ್ಸನ್ನು ಯಂತ್ರಕ್ಕೆ ಬಿಡದೆ ನೀವೇ ಹೊಂದಿಸಿಕೊಳ್ಳಿ, ಇಲ್ಲದಿದ್ದರೆ ಬೆಂಕಿಯ ಕೆಂಪನ್ನು ಅದು ತಿದ್ದಿ ತೊಳೆದುಬಿಡುತ್ತದೆ. ಲೆನ್ಸಿನ ಮೇಲೆ ಸಿಹಿ ಪಸೆ ಕೂರುವುದರಿಂದ ಒಂದು ಬಟ್ಟೆ ಜೇಬಿನಲ್ಲಿರಲಿ. ಬಿಸಿ ಬೆಲ್ಲ ಕೊಟ್ಟರೆ ಬೇಡವೆನ್ನಬಾರದು.

ಹತ್ತಿರದ ತೊಣ್ಣೂರು ಕೆರೆಯ ತಿಳಿನೀರು ಕಂಡು ಮೋತಿ ತಲಾಬ್ ಎಂದು ಹೆಸರಿಟ್ಟವನು 1746ರಲ್ಲಿ ಈ ಕಡೆ ಬಂದ, ಹೈದರಾಬಾದ್ ನಿಜಾಮನ ಮಗ ನಾಸಿರ್ ಜಂಗ್. ಏರಿಯ ಮೇಲೆ ರಜಾದಿನ ಜಾತ್ರೆಯಂಥ ಜನ ಸೇರುತ್ತಾರೆ, ವಾರದ ನಡುವೆ ಹೋಗುವುದೇ ಮೇಲು. ಜಕ್ಕನಹಳ್ಳಿಯಲ್ಲಿ ಎಡಕ್ಕೆ ತಿರುಗಿದರೆ ಮೇಲುಕೋಟೆ. ಅಲ್ಲಿನ ಕಲ್ಯಾಣಿ, ಪೂರ್ತಿಯಾಗದ ರಾಯಗೋಪುರ, ಬೆಟ್ಟದ ಮೇಲಿನ ಯೋಗಾನರಸಿಂಹ ಎಲ್ಲವೂ ಸಿನಿಮಾದವರ ಕೈಯಲ್ಲಿ ಸವೆದುಹೋದ ಚಿತ್ರಗಳು. ಹೊಸದೊಂದು ಕೋನ ಹುಡುಕುವ ಹಟ ಬಿಟ್ಟು ಪುಳಿಯೋಗರೆ ತಿಂದು ಇಳಿಯುವುದು ಒಳ್ಳೆಯದು ಎಂಬುದು ನನ್ನ ಅನಿಸಿಕೆ. ಸುತ್ತಲಿನ ಕಾಡು 1974ರಿಂದ ವನ್ಯಧಾಮ, ತೋಳಗಳಿಗೆ ಹೆಸರಾದದ್ದು. ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಅಲ್ಲಿ ಡೇರೆ ಹಾಕುವಂತಿಲ್ಲ, ಚಿರತೆ ಓಡಾಡುವ ಬಂಡೆಗಳ ಸಂದಿಯಲ್ಲಿ ಹಾಕಲೂಬಾರದು.

ಡೇರೆಗೆ ಸರಿಯಾದ ಜಾಗ ಇನ್ನೂ ಉತ್ತರಕ್ಕೆ, ಹೊಣಕೆರೆ ಹೋಬಳಿಯಲ್ಲಿ. ನಾಲೆಯ ಹಸಿರು ಹಿಂದೆ ಬಿದ್ದು ರಾಗಿ, ಹುರುಳಿ, ತೆಂಗಿನ ನಾಡು ಶುರುವಾಗುತ್ತದೆ. ನೋಡಲೇಬೇಕೆಂದು ಪುಸ್ತಕದಲ್ಲಿ ಬರೆಯುವಂಥದ್ದು ಏನೂ ಇಲ್ಲದಿರುವುದೇ ಇಲ್ಲಿನ ಅನುಕೂಲ. ಕ್ಯಾಂಪಿಂಗ್ ಎಂಬ ಬೋರ್ಡು ಎಲ್ಲೂ ಕಾಣದು, ಆದರೆ ಬಯಲಲ್ಲಿ ರಾತ್ರಿ ಕಳೆಯುವುದು ಇಲ್ಲಿನವರಿಗೆ ಹೊಸದಲ್ಲ. ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿಗಾಹಿಗಳು ಮಂದೆ ಹಾಕುತ್ತಾರೆ. ಹೊಲಕ್ಕೆ ಗೊಬ್ಬರ ಸಿಗುತ್ತದೆಂದು ರೈತನೇ ಕರೆಸಿ, ಕಾಳೋ ಕಾಸೋ ಕೊಡುತ್ತಾನೆ. ನಮ್ಮ ನೈಲಾನ್ ಡೇರೆಗೆ ಬಾಡಿಗೆ ಕೇಳುವವರು ಕಡಿಮೆ, ಪ್ರಶ್ನೆ ಕೇಳುವವರು ಜಾಸ್ತಿ. ಸಂಜೆಯೇ ಹೊಲದ ಯಜಮಾನರನ್ನು ಕಂಡು, "ಅಣ್ಣಾ, ಒಂದು ರಾತ್ರಿ ಉಳ್ಕೋತೀವಿ, ಬೆಂಕಿ ಹಾಕಲ್ಲ" ಎಂದು ಹೇಳಿದರೆ ಸಾಮಾನ್ಯವಾಗಿ ಸಾಕು. ಕೆರೆಯ ಅಂಗಳಕ್ಕಿಂತ ತೆಂಗಿನ ತೋಟದ ಬದು ಮೇಲು, ಆದರೆ ಮರದ ಕೆಳಗೇ ಬೇಡ. ಕಾಯಿಗೆ ಅತಿಥಿಯ ಪರಿಚಯವಿರುವುದಿಲ್ಲ.

ಹೋಗಬೇಕಾದ ಕಾಲ ನವೆಂಬರ್ ಕೊನೆಯಿಂದ ಜನವರಿ. ಆಗ ರಸ್ತೆಯೇ ಕಣ. ಸಗಣಿ ಸಾರಿಸಿ ಕಣ ಮಾಡುವ ಕೆಲಸ ಬಿಟ್ಟ ರೈತರು ರಾಗಿ, ಹುರುಳಿಯ ಹುಲ್ಲನ್ನು ಡಾಂಬರಿನ ಮೇಲೆ ಹರಡುತ್ತಾರೆ, ಬಸ್ಸು ಲಾರಿಗಳ ಚಕ್ರ ಒಕ್ಕಣೆ ಮಾಡಿಕೊಡುತ್ತವೆ. ಬೈಕಿನವರಿಗೆ ಇದು ಪ್ರಾಣಸಂಕಟ, ಹುರುಳಿ ಸೊಪ್ಪಿನ ಮೇಲೆ ಬ್ರೇಕ್ ಹಿಡಿಯುವುದಿಲ್ಲ. ಪೊಲೀಸರು ಎಚ್ಚರಿಕೆ ಕೊಡುತ್ತಲೇ ಇರುತ್ತಾರೆ, ಹುಲ್ಲು ಹರಡುತ್ತಲೇ ಇರುತ್ತದೆ. ಇದು ತಪ್ಪೆಂದು ನಾನೂ ಒಪ್ಪುತ್ತೇನೆ. ಆದರೂ ಇಳಿಬಿಸಿಲಿನಲ್ಲಿ ಹೆಂಗಸರು ಮೊರ ಎತ್ತಿ ರಾಗಿ ತೂರುವಾಗ ಬೆಳಕಿಗೆ ಎದುರಾಗಿ ನಿಂತು ನೋಡಿ, ಹೊಟ್ಟಿನ ಒಂದೊಂದು ಕಣವೂ ಹೊನ್ನಿನಂತೆ ಹೊಳೆಯುತ್ತದೆ. ಈ ದಾರಿಯಲ್ಲಿ ಒಂದೇ ಫೋಟೊ ತೆಗೆಯಬೇಕೆಂದಿದ್ದರೆ ಇದನ್ನೇ ತೆಗೆಯಿರಿ, ಕೇಳಿಕೊಂಡು ತೆಗೆಯಿರಿ. ರಾತ್ರಿ ಆಕಾಶ ತಿಳಿಯಾಗಿದ್ದರೆ ವೈಡ್ ಲೆನ್ಸಿಗೆ ಹದಿನೈದು, ಇಪ್ಪತ್ತು ಸೆಕೆಂಡು ಸಾಕು, ನಕ್ಷತ್ರಗಳು ಚುಕ್ಕಿಯಾಗಿಯೇ ಉಳಿಯುತ್ತವೆ. ದಕ್ಷಿಣಕ್ಕೆ ತಿರುಗಿದರೆ ಮಾತ್ರ ಮೈಸೂರಿನ ದೀಪಗಳ ಮಂಕು ಬೆಳಕು ಅಡ್ಡ ಬರುತ್ತದೆ.

 

ನಾಗಮಂಗಲದ ಸೌಮ್ಯಕೇಶವ ಹೊಯ್ಸಳರ ಗುಡಿ. ಕಡೆದ ಕಂಬಗಳ ನವರಂಗದಲ್ಲಿ ಬೆಳಕು ಕಡಿಮೆ, ಟ್ರೈಪಾಡ್ ಇಡಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಕೈಯಲ್ಲೇ ಉಸಿರು ಬಿಗಿಹಿಡಿದು ತೆಗೆಯುವುದನ್ನು ಕಲಿಯುವುದು ಸುಲಭ. ಊರು ಹಿತ್ತಾಳೆ ಕೆಲಸಕ್ಕೂ ಹೆಸರುವಾಸಿ. ಬಿಂಡಿಗನವಿಲೆ ಹೋಬಳಿಯ ಕಂಬದಹಳ್ಳಿಗೆ ಹೋಗಲು ಹೆದ್ದಾರಿ ಬಿಟ್ಟು ಪಕ್ಕಕ್ಕೆ ಸರಿಯಬೇಕು. ಗಂಗರ ಕಾಲದ ಪಂಚಕೂಟ ಬಸದಿ, ಮುಂದೆ ಎತ್ತರದ ಬ್ರಹ್ಮದೇವರ ಕಂಬ, ಒಳಗೆ ತಲೆಯೆತ್ತಿದರೆ ದಿಕ್ಪಾಲಕರನ್ನು ಕೆತ್ತಿದ ಚಾವಣಿ, ಅಂದರೆ ಭುವನೇಶ್ವರಿ. ಹೊಯ್ಸಳರ ಕುಸುರಿ ನೋಡಿ ದಣಿದ ಕಣ್ಣಿಗೆ ಇಲ್ಲಿನ ಬರಿಗೋಡೆ ಹಿತ. ಬೆಳಗಿನ ಓರೆಬಿಸಿಲಿಗೇ ಅಲ್ಲಿರಬೇಕು, ಹತ್ತು ಗಂಟೆಯಾದರೆ ಕಲ್ಲು ಚಪ್ಪಟೆಯಾಗಿ ಕಾಣುತ್ತದೆ.

ಬೆಳ್ಳೂರು ಕ್ರಾಸಿನಲ್ಲಿ ಬೆಂಗಳೂರು–ಮಂಗಳೂರು ಹೆದ್ದಾರಿ ಅಡ್ಡ ಹಾಯುತ್ತದೆ, ಬೀದರ್ ರಸ್ತೆ ಮಾಯಸಂದ್ರದ ಕಡೆಗೆ ಮುಂದುವರಿಯುತ್ತದೆ. ಸಮೀಪದಲ್ಲೇ ಆದಿಚುಂಚನಗಿರಿ, 1981ರಲ್ಲಿ ಘೋಷಿಸಿದ ನವಿಲುಧಾಮ. ಒಂದು ಚದರ ಕಿಲೋಮೀಟರ್ ಕೂಡ ಇಲ್ಲದ ಪುಟ್ಟ ಕಾಡು, ಆದ್ದರಿಂದ ಉದ್ದನೆಯ ಲೆನ್ಸಿಗಿಂತ ಬೆಳಿಗ್ಗೆ ಬೇಗ ಏಳುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅಲ್ಲಿ ಡೇರೆ ಬಿಚ್ಚಲು ಹೋಗಬೇಡಿ. ಮಠದಲ್ಲಿ ದಾಸೋಹವಿದೆ, ಎರಡು ರಾತ್ರಿ ಬ್ರೆಡ್ಡು, ಬಾಳೆಹಣ್ಣಲ್ಲಿ ಕಳೆದವರಿಗೆ ಅಲ್ಲಿನ ಅನ್ನ ಸಾರು ಸಾಕಷ್ಟು ರುಚಿಸುತ್ತದೆ.